ಐವತ್ತೇಳು ಇಂಚು

ಕುದುರೆಯ ಎತ್ತರವನ್ನು ತಲೆಯಿಂದ ಅಳೆಯುವುದಿಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ, ಎರಡು ಹೆಗಲುಗಳ ನಡುವೆ ಒಂದು ದಿಬ್ಬವಿರುತ್ತದೆ. ನೆಲದಿಂದ ಅಲ್ಲಿಯವರೆಗೆ ಕೋಲು ಹಿಡಿದು ಅಳೆಯಬೇಕು. ತಲೆ ಮೇಲೆ ಕೆಳಗೆ ಆಡುತ್ತಿರುತ್ತದೆ, ದಿಬ್ಬ ಆಡುವುದಿಲ್ಲ. ಇಷ್ಟು ಸರಳವಾದ ಮಾತನ್ನು ನಮ್ಮಪ್ಪನಿಗೆ ಹೇಳಿ ಹೇಳಿ ನನ್ನ ಬಾಯಿ ನೋವಾಗಿದೆ. ಅವನ ಅಳತೆಯೇ ಬೇರೆ.

"ಕಟ್ಟಿ ಮ್ಯಾಲ ಕುಂತೋರು ತಲಿ ಎತ್ತಿ ನಿನ್ನ ನೋಡಬೇಕು. ಅಷ್ಟು ಎತ್ತರ ಇದ್ರ ಅದು ಕುದುರಿ," ಎನ್ನುತ್ತಾನೆ.

ನಾನು ಪಶುವೈದ್ಯೆ. ನಮ್ಮ ಊರು ದೇವದುರ್ಗ ತಾಲ್ಲೂಕಿನದು, ಜಾಲಹಳ್ಳಿ ದಾಟಿ ಒಳಗೆ ಹೋಗಬೇಕು. ಹೆಸರು ಬರೆಯುವುದಿಲ್ಲ, ಬರೆದರೆ ಆ ಊರಿಗೊಂದು ಮರ್ಯಾದೆ ಕೊಟ್ಟಂತಾಗುತ್ತದೆ. ಅಲ್ಲಿ ನಮ್ಮ ಜನರ ಓಣಿ ಅಗಸಿಯ ಹೊರಗಿದೆ. ಅಗಸಿಯೆಂದರೆ ಊರ ಬಾಗಿಲು. ಅದರ ಪಕ್ಕಕ್ಕೆ ಎದೆಮಟ್ಟದ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯತನಕ ಊರಿನ ದೊಡ್ಡವರು. ಮದುಮಗ ಅಗಸಿಯೊಳಗೆ ಹಾದು ಹನುಮಪ್ಪನ ಗುಡಿಯ ಮುಂದೆ ಕಾಯಿ ಒಡೆಸಿಕೊಂಡು ಬರುವುದು ಎಲ್ಲ ಓಣಿಗಳಿಗೂ ಇರುವ ಪದ್ಧತಿ. ಅಪ್ಪನ ಮದುವೆಯಲ್ಲಿ ಅವನನ್ನು ಆ ಕಟ್ಟೆಯ ಮುಂದೆ ಎತ್ತಿನ ಬಂಡಿಯಿಂದ ಇಳಿಸಿದರಂತೆ. ಬಾಸಿಂಗ ಕಟ್ಟಿಕೊಂಡ ಮದುಮಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ದಾಟಿದ. ಆಮೇಲೆ ಅವ್ವನನ್ನು ಕರೆದುಕೊಂಡು ಶಕ್ತಿನಗರಕ್ಕೆ ಹೋದ, ಅಲ್ಲಿನ ಕರೆಂಟಿನ ಸ್ಥಾವರದಲ್ಲಿ ಗುತ್ತಿಗೆ ಕೂಲಿಯಾಗಿ ಬೂದಿ ಹೊತ್ತ, ಅಣ್ಣನನ್ನೂ ನನ್ನನ್ನೂ ಓದಿಸಿದ. ಈಗ ಅಣ್ಣನ ಜೊತೆ ದೇವದುರ್ಗದಲ್ಲಿದ್ದಾನೆ, ನಾನು ರಾಯಚೂರಿನಲ್ಲಿದ್ದೇನೆ.

ಕಾಲೇಜಿನಲ್ಲಿ ಎನ್‌ಸಿಸಿಯ ಕುದುರೆ ವಿಭಾಗಕ್ಕೆ ಸೇರಿದ್ದೆ. ಡ್ರೆಸಾಜ್ ಎಂಬುದನ್ನು ಮೊದಲು ನೋಡಿದ್ದು ಅಲ್ಲಿ. ಮರಳು ಹಾಸಿದ ಆಯತಾಕಾರದ ಅಂಗಳ, ಅಂಚಿಗೆ ಅಕ್ಷರ ಬರೆದ ಫಲಕಗಳು. ಈ ಅಕ್ಷರದಿಂದ ಆ ಅಕ್ಷರದವರೆಗೆ ನಡಿಗೆ, ಅಲ್ಲಿಂದ ಕುಲುಕು ಓಟ, ಇಲ್ಲೊಂದು ವೃತ್ತ, ನಡುವೆ ನಿಲುಗಡೆ. ಸವಾರ ಬಾಯಿ ಬಿಡುವಂತಿಲ್ಲ, ಕೈ ಬೀಸುವಂತಿಲ್ಲ. ಕೂತ ಭಾರವನ್ನು ಒಂಚೂರು ಬದಲಿಸಿ, ಮೀನಖಂಡದಿಂದ ಒಂಚೂರು ಒತ್ತಿ ಹೇಳಬೇಕು. ಕುದುರೆ ಕೇಳಬೇಕು. ನೋಡುವವರಿಗೆ ಏನೂ ಕಾಣಬಾರದು. ಹುಟ್ಟಿದಾಗಿನಿಂದ ಗದರುವ ದನಿಗಳನ್ನೇ ಕೇಳಿ ಬೆಳೆದ ನನಗೆ, ಹೀಗೂ ಒಂದು ಜೀವ ಇನ್ನೊಂದು ಜೀವಕ್ಕೆ ಹೇಳಬಹುದೇ ಎನಿಸಿ ಹುಚ್ಚೇ ಹಿಡಿಯಿತು.

ಹುಚ್ಚು ಹಿಡಿದರೇನು, ಕೆಲಸ ಸಿಕ್ಕಿದ್ದು ಮಾನ್ವಿ ಕಡೆ. ಅಲ್ಲಿ ದನ, ಎಮ್ಮೆ, ಕುರಿ, ಕೋಳಿ. ವರ್ಷಗಟ್ಟಲೆ ಆಕಳ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿದೆನೇ ಹೊರತು ಒಂದು ಕುದುರೆಯ ಬೆನ್ನು ಮುಟ್ಟಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ ಸೊಂಟ ಹಿಡಿದುಕೊಂಡಿತು. ಹಾಸಿಗೆಯ ಮೇಲೆ ಬಿದ್ದುಕೊಂಡು ತೀರ್ಮಾನ ಮಾಡಿದೆ. ಈ ಸೊಂಟ ಪೂರ್ತಿ ಹೋಗುವ ಮೊದಲು ನನ್ನದೇ ಕುದುರೆಯ ಮೇಲೆ, ಹವ್ಯಾಸಿಗಳ ಅತಿ ಕೆಳಗಿನ ದರ್ಜೆಯ ಒಂದು ಪರೀಕ್ಷೆಯನ್ನು ಹೈದರಾಬಾದಿನಲ್ಲಿ ಮುಗಿಸಿ ಬರಬೇಕು. ಗೆಲ್ಲುವುದು ಬೇಡ. ಮುಗಿಸಿದರೆ ಸಾಕು.

ಕುದುರೆ ತಗೊಳ್ಳುತ್ತೇನೆ ಎಂದದ್ದೇ ತಡ, ರಾಯಚೂರಿನಲ್ಲಿ ಕುದುರೆಯ ಬಾಲ ಮುಟ್ಟದವರೆಲ್ಲ ಪಂಡಿತರಾದರು. ಬಿಳಿಯದೇ ತಗೊಳ್ಳಿ ಎಂದರು. ರೇಸಿನಿಂದ ನಿವೃತ್ತಿಯಾದದ್ದು ತಗೊಳ್ಳಿ ಎಂದರು. ರೇಸಿನ ಕುದುರೆಗೆ ಚಿಕ್ಕಂದಿನಿಂದ ಕಲಿಸಿದ್ದು ಒಂದೇ ಪಾಠ, ಮುಂದೆ ಓಡು. ಅದಕ್ಕೆ ನಿಲ್ಲು ಎಂದು ಕಲಿಸಲು ಗಟ್ಟಿ ಸೊಂಟವೂ ಪೂರ್ತಿ ಹಗಲೂ ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ವಿದೇಶಿ ತಳಿಯ ದೊಡ್ಡ ಕುದುರೆಗಳು ಡ್ರೆಸಾಜ್‌ಗೆ ಹೇಳಿ ಮಾಡಿಸಿದಂಥವು, ಸುಳ್ಳಲ್ಲ. ಆದರೆ ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ನಿಂತಲ್ಲೇ ಏದುಸಿರು ಬಿಡುತ್ತವೆ. ಅದೂ ಅಲ್ಲದೆ ನಾನು ಐದಡಿ ಒಂದಿಂಚಿನ ಹೆಂಗಸು. ಅಗಲ ಹೊಟ್ಟೆಯ ಎತ್ತರದ ಕುದುರೆಯ ಮೇಲೆ ಕೂತರೆ ನನ್ನ ಕಾಲು ಜೀನಿನ ಚರ್ಮದ ಮೇಲೆಯೇ ಮುಗಿಯುತ್ತದೆ, ಕುದುರೆಯ ಪಕ್ಕೆಗೆ ತಾಗುವುದೇ ಇಲ್ಲ. ಕಾಲು ತಾಗದಿದ್ದರೆ ಏನೂ ಹೇಳಲಾಗುವುದಿಲ್ಲ. ಹೇಳಲಾಗದಿದ್ದರೆ ಮೇಲೆ ಕೂತಿರುವುದು ಸವಾರನಲ್ಲ, ಸಾಮಾನು. ನನಗೆ ಬೇಕಾದದ್ದು ಐವತ್ತಾರರಿಂದ ಐವತ್ತೆಂಟು ಇಂಚಿನದು, ಈ ಬಿಸಿಲಿಗೆ ಹುಟ್ಟಿದ್ದು, ಗಟ್ಟಿ ಗೊರಸಿನದು, ಸಮಾಧಾನದ್ದು.

ಮಾನ್ವಿಯಲ್ಲಿ ಮದುವೆಗಳಿಗೆ ಕುದುರೆ ಕೊಡುವವನೊಬ್ಬ ಇದ್ದಾನೆ. ಅಕ್ಕಿ ಗಿರಣಿಯ ಹಿಂದೆ ಅವನ ಲಾಯ. ಅವನ ಕುದುರೆಗಳಿಗೆ ಔಷಧಿ ಕೊಟ್ಟು ಪರಿಚಯವಿತ್ತು. ನನ್ನ ಬೇಡಿಕೆ ಕೇಳಿದವನೇ ಅರವತ್ನಾಲ್ಕು ಇಂಚಿನ ಬಿಳಿ ಮಾರ್ವಾಡಿ ಕುದುರೆಯನ್ನು ಹೊರಗೆ ತಂದು, ತಗಡಿನ ಡಬ್ಬಿ ಬಡಿದ. ಕುದುರೆ ಕುತ್ತಿಗೆ ಬಿಲ್ಲಿನ ಹಾಗೆ ಬಗ್ಗಿಸಿ ನಿಂತಲ್ಲೇ ಕುಣಿಯತೊಡಗಿತು.

"ನೋಡ್ರಿ ಡಾಕ್ಟರಮ್ಮಾ, ನೀವು ಅಂತೀರಲ್ಲ, ಅದ ಇದು. ನೀವು ಕಲಿಸೋದ ಬ್ಯಾಡ," ಎಂದ.

ಬಾಯಿ ಬಿಡಿಸಿ ನೋಡಿದೆ. ನಾಲಗೆಯ ಅಂಚಿನಲ್ಲಿ ಹಳೇ ಗಾಯದ ಗುರುತು, ಕಡಿವಾಣಕ್ಕೆ ಮುಳ್ಳು. ಅದು ಕುಣಿತವಲ್ಲ, ಕಾದ ಹೆಂಚಿನ ಮೇಲೆ ಕಾಲಿಟ್ಟವರ ಪಡಿಪಾಟಲು. ಬೆನ್ನು ತಗ್ಗಿ ಹೋಗಿತ್ತು, ಹೆಜ್ಜೆಗಳು ಮೇಲಕ್ಕೆದ್ದು ಅಲ್ಲೇ ಬೀಳುತ್ತಿದ್ದವು. ಡ್ರೆಸಾಜ್‌ನಲ್ಲಿ ಬೆನ್ನು ಸಡಿಲವಾಗಿ ಎದ್ದು ಬರಬೇಕು, ಹೆಜ್ಜೆ ಮುಂದಕ್ಕೆ ಬೀಳಬೇಕು. ಇಂಥ ಮದುವೆಯ ಕುಣಿತ ನೋಡಿ ಮರುಳಾಗಿ ದುಡ್ಡು ಸುರಿದ ಹವ್ಯಾಸಿಗಳು ನಮ್ಮ ಕಡೆ ಇನ್ನೂ ಇದ್ದಾರೆ. ಸಿಟ್ಟು ಬಂದು ಆ ಕಡಿವಾಣ ಮೊದಲು ಬಿಚ್ಚು ಎಂದೆ. ಅವನು ಬಿಚ್ಚಿದ, ನಾನು ಹೋದ ಮೇಲೆ ಮತ್ತೆ ಹಾಕಿರುತ್ತಾನೆ.

ಅಷ್ಟರಲ್ಲಿ ಹಿಂದೆ ತೌಡಿನ ಚೀಲಗಳ ಹತ್ತಿರ ಕಟ್ಟಿದ್ದ ಒಂದು ಕಂದು ಹೆಣ್ಣುಕುದುರೆಯನ್ನು ಆಳು ನೀರಿಗೆ ಬಿಟ್ಟ. ಅದು ತನ್ನ ಪಾಡಿಗೆ ತೊಟ್ಟಿಯ ಕಡೆ ನಡೆಯಿತು. ಗಿರಣಿಯ ಬೂದುಬಣ್ಣದ ಧೂಳಿನಲ್ಲಿ ಗೊರಸಿನ ಗುರುತುಗಳು ಮೂಡುತ್ತಿದ್ದವು. ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತಿತ್ತು, ಪ್ರತಿ ಸಲ. ನಾನು ಬಗ್ಗಿ ಗೇಣು ಹಾಕಿ ನೋಡಿದೆ. ಓಟವನ್ನು ಕಲಿಸಿ ತಿದ್ದಬಹುದು, ನಡಿಗೆಯನ್ನು ಯಾರೂ ಕಲಿಸಲಾರರು. ಅದು ತಾಯಿಯ ಹೊಟ್ಟೆಯಿಂದ ಬರಬೇಕು. ಕೋಲು ತರಿಸಿ ಅಳೆದೆ. ಐವತ್ತೇಳು.

"ಅದು ಬ್ಯಾಡ್ರಿ. ಅಪ್ಪ ಕಾಠಿಯಾವಾಡಿ, ತಾಯಿ ಭೀಮಾತೀರದ ಹೇರು ಹೊರೋ ಗಿಡ್ಡ ತಟ್ಟು. ಅದರ ಮ್ಯಾಲ ನೋಡ್ರಿ, ಎಡಗಣ್ಣಿನ ಕೆಳಗ ಸುಳಿ ಅದ. ಕಣ್ಣೀರಿನ ಸುಳಿ. ಮನಿಗೆ ತಂದೋರನ್ನ ಅಳಿಸ್ತದ ಅಂತಾರ. ಮದುವಿಗೆ ಯಾರೂ ಕರಿಯಂಗಿಲ್ಲ."

ನಮ್ಮ ಕಡೆ ಕುದುರೆ ಕೊಳ್ಳುವವರು ಕಾಲು ನೋಡುವ ಮೊದಲು ಮೈಮೇಲಿನ ಕೂದಲ ಸುಳಿ ನೋಡುತ್ತಾರೆ. ನನಗೆ ನಗು ಬಂತು.

"ನಾ ಹುಟ್ಟಿದ ಓಣಿನ ಅಪಶಕುನ ಅಂದಾರ. ಬದುಕೀನಲ್ರಿ. ಇದನ್ನ ಕೊಡ್ರಿ," ಎಂದೆ.

ಕುದುರೆ ರಾಯಚೂರಿಗೆ ಬಂತು. ಊರ ಹೊರಗೆ ಕಲ್ಲು ನೆಟ್ಟು ಮನೆಯೇಳದೆ ಬಿದ್ದಿರುವ ಲೇಔಟೊಂದರಲ್ಲಿ ನಮ್ಮದೊಂದು ಸೈಟಿದೆ. ಅಲ್ಲಿ ತಗಡಿನ ಲಾಯ ಹಾಕಿಸಿದೆ. ಪಕ್ಕದ ಖಾಲಿ ಜಾಗದ ಮೇಲೆ ಸುಣ್ಣದ ಗೆರೆ ಎಳೆದು, ಬಣ್ಣದ ಖಾಲಿ ಡಬ್ಬಿಗಳ ಮೇಲೆ ಅಕ್ಷರ ಬರೆದು ಸುತ್ತ ಇಟ್ಟೆ. ಬಿಸಿಲೇರುವ ಮುಂಚೆ ದಿನಾ ಸವಾರಿ, ಆಮೇಲೆ ಮಾನ್ವಿಗೆ ಬಸ್ಸು. ಮೊದಮೊದಲು ಅದಕ್ಕೆ ನನ್ನ ಕಾಲು ಎಂದರೆ ಗುಮಾನಿ. ಆಮೇಲೆ ಒಂದು ಮುಂಜಾನೆ, ನಾನು ನಿಲ್ಲು ಎಂದು ಮನಸ್ಸಿನಲ್ಲಿ ಅಂದುಕೊಂಡು ಉಸಿರು ಬಿಟ್ಟೆ, ಅಷ್ಟಕ್ಕೇ ನಿಂತಿತು. ನಾಲ್ಕೂ ಕಾಲು ಸಮ. ಅದರ ಕುತ್ತಿಗೆ ತಬ್ಬಿಕೊಂಡು ಅತ್ತೆ. ಸುಳಿಯ ಮಾತು ಅಷ್ಟರಮಟ್ಟಿಗೆ ನಿಜವಾಯಿತು.

ಅಪ್ಪ ದೇವದುರ್ಗದಿಂದ ಬಸ್ಸಿನಲ್ಲಿ ನೋಡಲು ಬಂದ. ಮಗಳು ಕುದುರೆ ತಗೊಂಡಿದ್ದಾಳೆಂದು ಇಸ್ತ್ರಿ ಮಾಡಿದ ಧೋತರ ಉಟ್ಟು, ಹೊಸ ಟವಲು ಹೆಗಲ ಮೇಲೆ ಹಾಕಿಕೊಂಡಿದ್ದ. ಲಾಯದ ಮುಂದೆ ನಿಂತವನ ಮುಖ ನನ್ನ ಕಣ್ಣೆದುರೇ ಇಳಿದುಹೋಯಿತು.

"ಇದೇನ ಯವ್ವಾ? ಹೊರೆ ಹೊರೋ ಕತ್ತಿಗಿಂತ ಒಂದು ಗೇಣು ಎತ್ತರ ಅದ ಅಷ್ಟ."

ಜೀನು ಹಾಕಿ ಹತ್ತಿದೆ. ವೃತ್ತ ಹಾಕಿದೆ, ಕುಲುಕು ಓಟದಿಂದ ನಡಿಗೆಗೆ ತಂದೆ, ಸುಣ್ಣದ ಗೆರೆಯ ನಡುವೆ ನೇರ ಬಂದು ಅವನ ಮುಂದೆ ನಿಲ್ಲಿಸಿದೆ. ಅವನು ತಲೆಯಾಡಿಸಿದ.

"ಮಾತು ಕೇಳ್ತದ, ಖರೆ. ಆದ್ರ ಅಗಸಿ ಮುಂದ ಹೋದ್ರ ನಿನ್ನ ಮಾರಿ ಅವರ ಮಾರಿಗೆ ಸಮ ಬರ್ತದ."

"ಅಗಸಿ ಮುಂದ ಹೋಗಾಕ ತಗೊಂಡಿಲ್ಲ ಯಪ್ಪಾ."

"ಮತ್ಯಾಕ ತಗೊಂಡಿ?" ಎಂದ. ನಿಜವಾಗಿಯೂ ತಿಳಿಯದೆ ಕೇಳಿದ.

ಚಹಾ ಕುಡಿಯದೆ ಬಸ್ ಸ್ಟ್ಯಾಂಡಿಗೆ ಹೊರಟುಹೋದ. ನನಗೆ ಕೆಂಡದಂಥ ಸಿಟ್ಟು. ನಾನು ಓದಿದ್ದು ಕಟ್ಟೆಯವರಿಗೆ ತೋರಿಸಲು, ಕೆಲಸ ಹಿಡಿದದ್ದು ಕಟ್ಟೆಯವರಿಗೆ ತೋರಿಸಲು, ಮನೆ ಕಟ್ಟಿದ್ದು, ಕಾರು ತಗೊಂಡದ್ದು ಎಲ್ಲ ಅವರ ಕಣ್ಣು ಕುಕ್ಕಲು. ಊರು ಬಿಟ್ಟು ಇಷ್ಟು ವರ್ಷವಾದರೂ ನಮ್ಮ ಪ್ರತಿಯೊಂದು ಸುಖವನ್ನೂ ಆ ಕಲ್ಲಿನ ಮೇಲೆ ಕೂತವರ ಕಣ್ಣಿನಿಂದಲೇ ನೋಡುತ್ತೇವೆ. ನನ್ನ ಬದುಕಿನಲ್ಲಿ ಅವರಿಗೆ ಸಂಬಂಧವೇ ಇಲ್ಲದ ಒಂದಾದರೂ ಇರಲಿ ಎಂದು ಈ ಕುದುರೆ ತಂದಿದ್ದೆ. ನನ್ನ ಕಾಲಿಗೆ ಸರಿಹೋಗುವ ಕುದುರೆ, ಬೇರೆ ಯಾರ ಕಣ್ಣಿಗೂ ಅಲ್ಲ. ಅಷ್ಟನ್ನೂ ಬಿಟ್ಟುಕೊಡಬೇಕೆಂದರೆ ನಾನು ಒಪ್ಪುವುದಿಲ್ಲ ಎಂದು ಒಬ್ಬಳೇ ಬೈದುಕೊಂಡು ಲಾಯ ಗುಡಿಸಿದೆ.

ಮುಂದಿನ ಚಳಿಗಾಲ ಹೈದರಾಬಾದಿಗೆ ಹೋದೆ. ಬಾಗಿಲಲ್ಲಿ ನಿಂತ ಮೇಲ್ವಿಚಾರಕ ನನ್ನನ್ನೂ ಕುದುರೆಯನ್ನೂ ನೋಡಿ, ಪೋನಿಗಳ ಸರದಿ ನಾಳೆ, ಮಗುವನ್ನು ನಾಳೆ ಕರೆತನ್ನಿ ಎಂದ. ಮಗು ನಾನೇ ಎಂದೆ. ಪುಸ್ತಕದ ಪ್ರಕಾರ ಅವನು ಹೇಳಿದ್ದು ತಪ್ಪಲ್ಲ. ಐವತ್ತೆಂಟು ಇಂಚು ಮತ್ತು ಮೇಲೊಂಚೂರು, ಅದರೊಳಗಿನದೆಲ್ಲ ಪೋನಿ, ಅಂದರೆ ತಟ್ಟು. ಆದರೆ ನನ್ನ ದರ್ಜೆಗೆ ಪೋನಿಯೂ ಬರಬಹುದು ಎಂದು ಅದೇ ಪುಸ್ತಕದಲ್ಲಿತ್ತು, ತೆಗೆದು ತೋರಿಸಬೇಕಾಯಿತು. ಪಕ್ಕದಲ್ಲಿ ಆನೆಯಂಥ ಜರ್ಮನ್ ಕುದುರೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು ಅಷ್ಟೆತ್ತರದಿಂದ ಬಗ್ಗಿ, ಪಾಪ ಎಷ್ಟು ಮುದ್ದಾಗಿದೆ ಎಂದಳು. ಅವಳ ಕುದುರೆ ಒಳಗೆ ಹೋಗಿ ಎರಡು ಸಲ ಬೆದರಿ ಗೆರೆ ದಾಟಿತು. ನನ್ನದು ಹೋಯಿತು, ಹೇಳಿದ್ದು ಮಾಡಿತು, ಬಂತು. ಬಹುಮಾನವಿಲ್ಲ. ತೀರ್ಪುಗಾರರ ಹಾಳೆಯಲ್ಲಿ ನಡಿಗೆಯ ಮುಂದೆ ಬಹಳ ಶುದ್ಧ ಎಂದು ಬರೆದಿತ್ತು. ಸಂಭ್ರಮ ತಡೆಯಲಾಗದೆ ಅಪ್ಪನಿಗೆ ಫೋನು ಮಾಡಿದೆ.

"ಉಳದ ಕುದುರಿ ಎಷ್ಟೆತ್ತರ ಇದ್ವು?" ಎಂದು ಕೇಳಿದ.

ಈ ವರ್ಷ ಅಣ್ಣನ ಮಗನ ಮದುವೆ ನಿಶ್ಚಯವಾಯಿತು. ಹುಡುಗ ರಾಯಚೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಾನೆ, ಆರಡಿ ಎತ್ತರ, ಅಜ್ಜನ ಮುದ್ದಿನವನು. ಮದುವೆ ಊರಲ್ಲೇ, ಮದುಮಗ ಕುದುರೆಯ ಮೇಲೆಯೇ ಅಗಸಿ ದಾಟಬೇಕು ಎಂದು ಅಪ್ಪ ಹಟ ಹಿಡಿದ. ಅಣ್ಣ ಮಾನ್ವಿಗೆ ಹೋಗಿ ಆ ಬಿಳಿ ಕುದುರೆಯನ್ನೇ ಗೊತ್ತು ಮಾಡಿ ಬಂದ. ಹಿಂದಿನ ದಿನ ಕುದುರೆಯವನು ನನಗೆ ಫೋನು ಮಾಡಿದ.

"ಡಾಕ್ಟರಮ್ಮಾ, ಕುದುರಿಗೆ ಕಾಲು ನೋವಾಗ್ಯದರಿ. ಬರೋದು ಆಗಂಗಿಲ್ಲ."

"ನಾನ ಬಂದು ನೋಡ್ತೀನಿ, ಇರ್ರಿ."

"ಬ್ಯಾಡ್ರಿ. ನಿಮಗ ತಿಳೀತದಲ್ಲ. ಆ ಊರ ಕಡಿಂದ ಫೋನ್ ಬಂದಿತ್ತು. ನಾ ನಾಕು ಊರಾಗ ಬಾಳ್ವಿ ಮಾಡೋನು."

ಆ ಕುದುರೆಗೆ ಬಾಯಲ್ಲಿ ಗಾಯವಾಗಿದ್ದಾಗ ಅವನಿಗೆ ಯಾವ ನೋವೂ ಕಂಡಿರಲಿಲ್ಲ. ಇಲ್ಲದ ಕಾಲುನೋವು ಮಾತ್ರ ಬೇಗ ಕಂಡಿತು.

ಸಂಜೆ ಅಪ್ಪ ದೇವದುರ್ಗದಿಂದ ಬಂದು ಲಾಯದ ಮುಂದೆ ನಿಂತಿದ್ದ. ಅವತ್ತು ಧೋತರಕ್ಕೆ ಇಸ್ತ್ರಿ ಇರಲಿಲ್ಲ.

"ನಿನ್ನ ಕುದುರಿ ಒಯ್ಯೋಣೇನು?" ಎಂದ. ಅದನ್ನು ಅವನು ಕುದುರಿ ಎಂದದ್ದು ಅದೇ ಮೊದಲು. ಬೇಡ ಎಂದು ಹೇಳಬೇಕೆಂದುಕೊಂಡೆ. ಇದೊಂದು ಕಟ್ಟೆಯ ಪಾಲಾಗಬಾರದು ಎಂದು ಎಷ್ಟು ಸಲ ಅಂದುಕೊಂಡಿದ್ದೆ. ಆದರೆ ಆ ಮುಖ ನೋಡಿ ಹೇಳಲಾಗಲಿಲ್ಲ. ಟೆಂಪೋ ಕರೆಸಿದೆ.

ಊರಲ್ಲಿ ಹುಡುಗನನ್ನು ಹತ್ತಿಸಿದಾಗ ಅವನ ಉದ್ದನೆಯ ಕಾಲು ಕುದುರೆಯ ಹೊಟ್ಟೆಗಿಂತ ಕೆಳಗೆ ಜೋತುಬಿದ್ದವು. ನಾನು ಎಡಕ್ಕೆ ಹಗ್ಗ ಹಿಡಿದೆ, ಅಪ್ಪ ಬಲಕ್ಕೆ ಕಾಲಿಡುವ ರಿಕಾಪು ಹಿಡಿದ. ಹಿಂದೆ ಬಡಿಯುತ್ತಿದ್ದ ಹಲಗೆಯ ಸದ್ದಿಗೆ ಕುದುರೆ ಕಿವಿ ತಿರುಗಿಸಿತು. ನಾನಿದ್ದೇನೆ ಎಂದು ಕುತ್ತಿಗೆಯ ಮೇಲೆ ಕೈಯಿಟ್ಟೆ, ನಡೆಯಿತು. ಅಗಸಿಯ ಹತ್ತಿರ ಬಂದ ಹಾಗೆ ಯಾರೂ ಹೇಳದೆಯೇ ಹಲಗೆ ತಣ್ಣಗಾಯಿತು. ಕಟ್ಟೆಯ ಮೇಲೆ ಅವರಿದ್ದರು. ಕೆಳಗೆ ದಾರಿಗಡ್ಡವಾಗಿ ಕೆಲವರು ನಿಂತಿದ್ದರು. ಎಲ್ಲರಿಗಿಂತ ಹಿರಿಯನಾದವನು ಕುದುರೆಯನ್ನು ಕಿವಿಯಿಂದ ಗೊರಸಿನವರೆಗೆ ಒಮ್ಮೆ ನೋಡಿದ, ಜೋತುಬಿದ್ದ ಕಾಲು ನೋಡಿದ. ಆಮೇಲೆ ಅವನ ಮುಖ ಸಡಿಲವಾಯಿತು.

"ಏ, ಇದೆಲ್ಲಿ ಕುದುರಿ? ತಟ್ಟು. ಹೋಗಲಿ ಬಿಡ್ರಪ್ಪಾ," ಎಂದ.

ಕಟ್ಟೆಯ ಮೇಲೆ ನಗೆ ಎದ್ದಿತು. ಅಡ್ಡ ನಿಂತವರೂ ನಗುತ್ತಾ ಪಕ್ಕಕ್ಕೆ ಸರಿದರು. ಹಿಂದಿದ್ದ ನಮ್ಮವರಿಗೆ ಕಂಡದ್ದು ದಾರಿ ತೆರೆದದ್ದು ಮಾತ್ರ. ಹಲಗೆ ಮೊದಲಿಗಿಂತ ಜೋರಾಗಿ ಎದ್ದಿತು, ಯಾರೋ ಪಟಾಕಿ ಹಚ್ಚಿದರು, ಹೆಂಗಸರು ಕುಣಿದರು, ಅಣ್ಣ ಕಣ್ಣೊರೆಸಿಕೊಂಡ. ಆ ಗದ್ದಲದಲ್ಲಿ ನನ್ನ ಕುದುರೆ ಹಗ್ಗ ಸಡಿಲ ಬಿಟ್ಟರೂ ಗೆರೆ ಎಳೆದ ಹಾಗೆ ನೇರ ನಡೆಯಿತು, ಹಿಂಗಾಲು ಮುಂಗಾಲಿನ ಗುರುತು ದಾಟಿ ದಾಟಿ. ಅಷ್ಟು ಚಂದದ ನಡಿಗೆಯನ್ನು ಅದು ಹೈದರಾಬಾದಿನಲ್ಲೂ ನಡೆದಿರಲಿಲ್ಲ. ಅದನ್ನು ಗುರುತಿಸಿ ನೋಡುವವರು ಯಾರೂ ಇರಲಿಲ್ಲ. ಕಟ್ಟೆಯ ಮಾತು ಕೇಳಿಸಿದ್ದು ಹುಡುಗನಿಗೆ ಮತ್ತು ಮುಂದಿದ್ದ ನಮ್ಮಿಬ್ಬರಿಗೇ ಇರಬೇಕು. ನಾನು ಅಪ್ಪನ ಕಡೆ ನೋಡಿದೆ. ಅವನು ರಿಕಾಪು ಬಿಡದೆ ಮುಂದೆ ನೋಡುತ್ತಾ ನಡೆಯುತ್ತಿದ್ದ.

ಮರುದಿನ ಸ್ಥಳೀಯ ಪತ್ರಿಕೆಯೊಂದು ಕುದುರೆ ಏರಿ ಅಗಸಿ ದಾಟಿದ ವರ, ಗ್ರಾಮಸ್ಥರ ಸೌಹಾರ್ದ ಎಂದು ಬರೆಯಿತು. ತಮ್ಮ ಊರಲ್ಲಿ ಭೇದಭಾವವಿಲ್ಲ ಎಂದು ಅದೇ ಹಿರಿಯ ಹೇಳಿದ್ದ. ತಮಗೆ ಒಳ್ಳೆಯ ಹೆಸರು ಬರುವ ಹೊತ್ತಿಗೆ ತಟ್ಟು ಮತ್ತೆ ಕುದುರೆಯಾಗಿತ್ತು. ಓದಿ ಮೈಯೆಲ್ಲ ಉರಿಯಿತು.

ಅದಕ್ಕೂ ಮೊದಲು, ಮದುವೆಯ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನಾನು ನಮ್ಮ ಓಣಿಯ ಬೇವಿನ ಮರದ ಕೆಳಗೆ ಕುದುರೆಯ ಕಾಲಿಗೆ ನೀರು ಹಾಕುತ್ತಿದ್ದೆ. ಅಪ್ಪ ಬಂದ. ಅದರ ಹೆಗಲ ದಿಬ್ಬದ ಮೇಲೆ ಕೈಯಿಟ್ಟ. ತಲೆಯ ಮೇಲಲ್ಲ, ಸರಿಯಾಗಿ ದಿಬ್ಬದ ಮೇಲೆ.

"ಇಲ್ಲಿತನ ಅಳೀತಾರ ಅಂದಿದ್ದಿ ಅಲ್ಲ?"

"ಹೌದು ಯಪ್ಪಾ. ಐವತ್ತೇಳು ಇಂಚು."

"ಎಷ್ಟಿದ್ರ ಕುದುರಿ ಅಂತಾರ?"

"ಪುಸ್ತಕದಾಗ ಐವತ್ತೆಂಟರ ಮ್ಯಾಲೊಂಚೂರು."

ಅವನು ಕೈ ತೆಗೆಯಲಿಲ್ಲ. ನನಗೆ ತಡೆಯಲಾಗಲಿಲ್ಲ. "ಅವರು ಕುದುರಿ ಅಂದಿದ್ರ ಬಿಡ್ತಿರಲಿಲ್ಲ ಯಪ್ಪಾ," ಎಂದೆ.

"ಗೊತ್ತದ ಬೇ," ಎಂದ. "ಅದಕ್ಕ ಕೇಳಾಕತ್ತೀನಿ."

ಆಮೇಲೆ ದಿಬ್ಬದ ಮೇಲೆ ಎರಡು ಬೆರಳು ಅಡ್ಡ ಇಟ್ಟು, "ಇಷ್ಟ ಕಡಿಮಿ ಬಿತ್ತೇನು?" ಎಂದು ಕೇಳಿದ.

"ಇಷ್ಟ," ಎಂದೆ.